ಇನ್‌ಸ್ಟ್ರಕ್ಟರ್ ವರ್ತನೆಯ ಬಗ್ಗೆ ಫ್ಲೈಯಿಂಗ್ ಸ್ಕೂಲ್‌ಗೆ ಒಂದು ದೂರು

ಮುಖ್ಯ ಫ್ಲೈಟ್ ಇನ್‌ಸ್ಟ್ರಕ್ಟರ್ ಅವರಿಗೆ,

ವಿಷಯ: ನನ್ನ ಇನ್‌ಸ್ಟ್ರಕ್ಟರ್ ಅವರನ್ನು ಬದಲಿಸುವ ಕುರಿತು

ಮಾನ್ಯರೇ,

ನಾನು ನಿಮ್ಮಲ್ಲಿ ಪೈಲಟ್ ತರಬೇತಿ ಪಡೆಯುತ್ತಿದ್ದೇನೆ. ಒಂಟಿಯಾಗಿ ಹಾರಿಸುವ ಸೋಲೋ ಹಂತಕ್ಕೆ ಇನ್ನೂ ಬಂದಿಲ್ಲ. ನನಗೆ ಕೊಟ್ಟಿರುವ ಇನ್‌ಸ್ಟ್ರಕ್ಟರ್ ಒಳ್ಳೆಯ ಪೈಲಟ್, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರ ಪಕ್ಕದಲ್ಲಿ ಕೂತು ನಾನು ಕಲಿತಿರುವುದು ಬಾಯಿ ಮುಚ್ಚಿಕೊಂಡಿರುವುದನ್ನು. ನನ್ನ ದೂರು ಅದೇ.

ಹೆಡ್‌ಸೆಟ್‌ನಲ್ಲಿ ಕೂಗಿದರೆ ಹೇಗಿರುತ್ತದೆ ಅಂತ ನಿಮಗೆ ಗೊತ್ತೇ ಇದೆ. ನೇರ ಕಿವಿಯೊಳಗೇ ಬಡಿಯುತ್ತದೆ. ರನ್‌ವೇ ಸುತ್ತ ಹಾರುವ ಸರ್ಕ್ಯೂಟ್‌ನಲ್ಲಿ ಅವರು ಬೈಯುತ್ತಿದ್ದಾಗಲೇ ಕಂಟ್ರೋಲ್ ಟವರ್‌ನಿಂದ ಕರೆ ಬಂತು. ನನಗೆ ಕೇಳಿಸಲಿಲ್ಲ. ಕೇಳಿಸಲಿಲ್ಲ ಅಂತ ಮತ್ತೆ ಬೈಗುಳ!

ಅಡ್ಡಗಾಳಿಯಲ್ಲಿ ಇಳಿಯುವಾಗ ಆದದ್ದು ಇನ್ನೂ ಗಂಭೀರ. ಒಂದು ಮಾತೂ ಹೇಳದೆ ಅವರು ಕಂಟ್ರೋಲ್ ಹಿಡಿದು, ಮೂಗನ್ನು ಎಡ ಬಲಕ್ಕೆ ತಿರುಗಿಸುವ ರಡ್ಡರ್ ಪೆಡಲ್ ಒತ್ತಿದರು. ನನ್ನ ಕಾಲೂ ಅದರ ಮೇಲೇ ಇತ್ತು. ಆ ಕ್ಷಣ ವಿಮಾನ ಹಾರಿಸುತ್ತಿದ್ದವರು ಯಾರು? 'ಐ ಹ್ಯಾವ್ ಕಂಟ್ರೋಲ್' ಅಂತ ಒಬ್ಬರು ಹೇಳಬೇಕು, 'ಯು ಹ್ಯಾವ್ ಕಂಟ್ರೋಲ್' ಅಂತ ಇನ್ನೊಬ್ಬರು ಒಪ್ಪಬೇಕು. ಇದನ್ನು ನಮಗೆ ಕ್ಲಾಸಿನಲ್ಲಿ ಹೇಳಿಕೊಟ್ಟವರು ನೀವೇ ಅಲ್ವಾ?

ಸ್ಟಾಲ್, ಅಂದರೆ ರೆಕ್ಕೆ ಎತ್ತುವ ಶಕ್ತಿ ಕಳೆದುಕೊಳ್ಳುವ ಸ್ಥಿತಿ, ಅದರ ಅಭ್ಯಾಸದ್ದು ಬೇರೆ ಕಥೆ. ಹೆದರಿದವರ ಕೈ ತಾನಾಗಿ ಯೋಕ್ ಅನ್ನು, ಅಂದರೆ ವಿಮಾನದ ಸ್ಟೀರಿಂಗ್ ಹಿಡಿಯನ್ನು, ಹಿಂದಕ್ಕೆ ಎಳೆದು ಮೂಗು ಎತ್ತುತ್ತದೆ. ಸ್ಟಾಲ್‌ನಲ್ಲಿ ಮಾಡಬಾರದ್ದು ಅದೇ. ಮೂಗು ಇಳಿಸಿದರೆ ತಾನೆ ರೆಕ್ಕೆಗೆ ಮತ್ತೆ ಎತ್ತುವ ಶಕ್ತಿ ಬರುವುದು? ಆ ಭಯ ಕಳೆಯಬೇಕಾದವರೇ ಅದನ್ನು ಜಾಸ್ತಿ ಮಾಡಿದರೆ ಏನು ಮಾಡೋದು? ಏನಾದರೂ ಕೇಳಿದರೆ, 'ಇಷ್ಟೂ ಗೊತ್ತಿಲ್ವಾ?' ಅನ್ನುತ್ತಾರೆ. ಹಾಗಾಗಿ ಈಗ ಅರ್ಥವಾಗದಿದ್ದರೂ ಸುಮ್ನೆ ತಲೆಯಾಡಿಸುತ್ತೇನೆ.

ಇದು ಬರೀ ನನ್ನ ಮನಸ್ಸಿಗೆ ಆದ ನೋವಿನ ವಿಷಯವಲ್ಲ. 1977ರಲ್ಲಿ ಸ್ಪೇನ್‌ನ ಟೆನೆರಿಫ್ ದ್ವೀಪದಲ್ಲಿ ಎರಡು ಬೋಯಿಂಗ್ 747 ವಿಮಾನಗಳು ರನ್‌ವೇ ಮೇಲೆ ಡಿಕ್ಕಿಯಾಗಿ 583 ಜನ ಸತ್ತರು. ಟೇಕಾಫ್ ಆಗುತ್ತಿದ್ದ ವಿಮಾನದ ಫ್ಲೈಟ್ ಎಂಜಿನಿಯರ್, ಇನ್ನೊಂದು ವಿಮಾನ ರನ್‌ವೇಯಿಂದ ಆಚೆ ಹೋಗಿದೆಯೇ ಅಂತ ಕೇಳಿದ್ದರು. ಹೋಗಿದೆ ಅಂತ ಕ್ಯಾಪ್ಟನ್ ಒತ್ತಿ ಹೇಳಿದರು. ಮತ್ತೆ ಯಾರೂ ಕೇಳಲಿಲ್ಲ. ಆ ಕ್ಯಾಪ್ಟನ್ ತಮ್ಮ ಕಂಪನಿಯ ಹಿರಿಯ ತರಬೇತುದಾರರೂ ಆಗಿದ್ದರು. ಕಾಕ್‌ಪಿಟ್‌ನಲ್ಲಿ ಕಿರಿಯರೂ ಬಾಯಿಬಿಡಬೇಕು ಅಂತ ವಿಮಾನ ಕಂಪನಿಗಳು ಆಮೇಲೆ ತರಬೇತಿಯನ್ನೇ ಶುರು ಮಾಡಿದವು. ನಮಗೆ ಮಾತ್ರ ಮೊದಲ ದಿನದಿಂದಲೇ ಅದಕ್ಕೆ ಉಲ್ಟಾ ಪಾಠ.

ನಡುವೆ ಅವರು ರಜೆಯಲ್ಲಿದ್ದಾಗ ಬೇರೊಬ್ಬರು ಬಂದಿದ್ದರು. ನೆಲ ಮುಟ್ಟುವ ಮೊದಲು ಮೂಗು ಮೇಲೆತ್ತುವಾಗ, ಅಂದರೆ ಫ್ಲೇರ್ ಮಾಡುವಾಗ, ವಿಮಾನದ ಮೂಗಿನ ಮುಂದೆ ನೋಡಬೇಡಿ, ರನ್‌ವೇಯ ಆ ತುದಿ ನೋಡಿ ಅಂದರು, ಅಷ್ಟೇ. ಎತ್ತರದ ಅಂದಾಜು ಸಿಕ್ಕಿತು. ಇಳಿದ ಮೇಲೆ ಕೂತು ಮಾತಾಡಿದರು. ನಮ್ಮವರೋ, ಎಂಜಿನ್ ಆಫ್ ಆದ ಕೂಡಲೇ ಫೋನ್ ಹಿಡಿದು ಹೊರಟುಬಿಡುತ್ತಾರೆ. ಏರ್‌ಲೈನ್ ಕೆಲಸಕ್ಕಾಗಿ ಅವರಿಗೆ ಹಾರಾಟದ ಗಂಟೆಗಳು ಬೇಕಿರಬಹುದು, ತಪ್ಪೇನಿಲ್ಲ. ಆದರೆ ಆ ಗಂಟೆಗಳಿಗೆ ಹಣ ಕೊಡುವವರು ನಾವು.

ನನಗೆ ಬೇರೆ ಇನ್‌ಸ್ಟ್ರಕ್ಟರ್ ಬೇಕು. ಹೇಳದೆ ಕಂಟ್ರೋಲ್ ಕಿತ್ತುಕೊಂಡ ಆ ಲ್ಯಾಂಡಿಂಗ್ ಬಗ್ಗೆ ವಿಚಾರಣೆ ಮಾಡಿ, ಲಿಖಿತ ಉತ್ತರ ಕೊಡಿ. ಪ್ರತಿ ಹಾರಾಟದ ನಂತರ ಕೂತು ಮಾತಾಡುವ ಡಿಬ್ರೀಫಿಂಗ್ ಕಡ್ಡಾಯ ಮಾಡಿ. ಅಲ್ಲಿಯವರೆಗೆ ಅವರ ಜೊತೆ ಬುಕ್ ಆಗಿರುವ ನನ್ನ ಪಾಠಗಳನ್ನು ತಡೆಹಿಡಿಯಿರಿ. ಅವಕ್ಕೆ ರದ್ದತಿ ಶುಲ್ಕ ಹಾಕಬೇಡಿ.

ಇಂತಿ,
ನಿಮ್ಮ ಶಾಲೆಯ ವಿದ್ಯಾರ್ಥಿ ಪೈಲಟ್