ಆ ಒಂದು ಪದ ಯಾಕೆ ಬಿಟ್ಟಿರಿ?

ಮಾನ್ಯ ಸಂಪಾದಕರೇ,

ಕ್ಷುದ್ರಗ್ರಹದ ಬಗ್ಗೆ ಮೊನ್ನೆ ಮುಖಪುಟದಲ್ಲಿ ಹಾಕಿದ ಸುದ್ದಿ, ಇವತ್ತು ಒಳಪುಟದ ಮೂಲೆಯಲ್ಲಿ ಹಾಕಿದ ಸುದ್ದಿ ಎರಡನ್ನೂ ಓದಿ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಮೊನ್ನೆ ಬೆಂಕಿ ಉಗುಳುತ್ತಾ ಭೂಮಿ ಮೇಲೆ ಬೀಳುವ ಬಂಡೆಯ ದೊಡ್ಡ ಚಿತ್ರ. ಇವತ್ತು ‘ಇನ್ನು ನೂರು ವರ್ಷ ಭೂಮಿಗೆ ಅಪಾಯವಿಲ್ಲ’ ಅಂತ ನಾಲ್ಕು ಸಾಲು.

ಆ ಚಿತ್ರ ನೋಡಿದ ನನ್ನ ಒಂಬತ್ತು ವರ್ಷದ ಮಗಳು ಎರಡು ರಾತ್ರಿಯಿಂದ ಸರಿಯಾಗಿ ನಿದ್ದೆ ಮಾಡಿಲ್ಲ. ಲೈಟ್ ಆರಿಸಿದರೆ ಅಳು. ಅಮ್ಮ ಫೋನ್ ಮಾಡಿ, ‘ಏನಾದ್ರೂ ಆಗೋದಾದ್ರೆ ಎಲ್ಲರೂ ಒಟ್ಟಿಗೆ ಇರೋಣ, ಹೊರಟು ಬನ್ನಿ’ ಅಂದರು. ರಾತ್ರಿ ಎರಡು ಗಂಟೆವರೆಗೆ ಮಗಳನ್ನು ಕರೆದುಕೊಂಡು ತಾರಸಿಯಲ್ಲಿ ನಿಂತು, ‘ನೋಡು, ಏನೂ ಬರ್ತಿಲ್ಲ’ ಅಂತ ತೋರಿಸಿದೆ. ಕುತ್ತಿಗೆ ಹಿಡಿದುಕೊಂಡಿದೆ. ಬೆಳಗ್ಗೆ ಕೆಲಸಕ್ಕೆ ತಡವಾಗಿ ಹೋಗಿ ಮಾತು ಕೇಳಿಸಿಕೊಂಡೆ. ಆ ಕಲ್ಲು ಚಂದ್ರನಿಗಿಂತಲೂ ಎಷ್ಟೋ ದೂರದಲ್ಲಿ ಹಾದು ಹೋಗುತ್ತದೆ ಅನ್ನೋದು ನಿಮ್ಮ ವರದಿಯ ಕಟ್ಟಕಡೆಯ ಸಾಲಿನಲ್ಲಿತ್ತು. ಚಂದ್ರ ಇರುವುದೇ ಸುಮಾರು 3,84,000 ಕಿ.ಮೀ. ಆಚೆ. ಅದನ್ನು ಮೊದಲ ಸಾಲಿನಲ್ಲೇ ಬರೆಯೋಕೆ ಏನಾಗಿತ್ತು?

ಇವತ್ತಿನ ಸುದ್ದಿ ಓದಿ ಹೇಳಿದರೆ ಮಗಳು ಸಮಾಧಾನ ಆಗ್ತಾಳೆ ಅಂದುಕೊಂಡೆ. ಅವಳು ಕೇಳಿದ್ದು ಒಂದೇ ಪ್ರಶ್ನೆ: ‘ಯಾರೂ ನೋಡದೇ ಇರೋ ಕಲ್ಲು ಬರ್ತಿದ್ರೆ?’ ಹುಡುಕಿ ನೋಡಿದೆ. ನಾಸಾ ಹೇಳುವುದು ಏನೆಂದರೆ, 140 ಮೀಟರ್‌ಗಿಂತ ದೊಡ್ಡದಾದ, ಈಗಾಗಲೇ ಗೊತ್ತಿರುವ ಯಾವ ಕ್ಷುದ್ರಗ್ರಹವೂ ಮುಂದಿನ ನೂರು ವರ್ಷದಲ್ಲಿ ಭೂಮಿಗೆ ಬಡಿಯುವ ಸಾಧ್ಯತೆ ಹೆಚ್ಚಿಲ್ಲ ಅಂತ. ನೀವು ‘ಗೊತ್ತಿರುವ’ ಅನ್ನೋ ಪದವನ್ನೇ ಕಿತ್ತು ಹಾಕಿದ್ದೀರಿ. 140 ಮೀಟರ್ ಅನ್ನೋದನ್ನೂ ಬಿಟ್ಟಿದ್ದೀರಿ. ಭೂಮಿಯ ಹತ್ತಿರ ಸುಳಿದಾಡುವ ಆ ಗಾತ್ರದ ಕಲ್ಲುಗಳು ಸುಮಾರು 25,000 ಇರಬಹುದು ಅನ್ನೋದು ಅಂದಾಜು. ಅರ್ಧದಷ್ಟೂ ಇನ್ನೂ ಸಿಕ್ಕಿಲ್ಲ. ಒಂದು ಕಿ.ಮೀ.ಗಿಂತ ದೊಡ್ಡವುಗಳಲ್ಲಿ ನೂರಕ್ಕೆ 95ಕ್ಕಿಂತ ಜಾಸ್ತಿ ಸಿಕ್ಕಿವೆ. ಮಗಳಿಗೆ ಸ್ವಲ್ಪ ಧೈರ್ಯ ಬಂದದ್ದು ಇದನ್ನು ಕೇಳಿದ ಮೇಲೆ. ನಿಮ್ಮ ಪತ್ರಿಕೆಯಲ್ಲಿ ಇದೂ ಇಲ್ಲ.

ಕಾಣದೆ ಬಂದದ್ದು ಇಲ್ಲವೇ ಇಲ್ಲ ಅಂತಲೂ ಅಲ್ಲ. ರಷ್ಯಾದ ಚೆಲ್ಯಾಬಿನ್ಸ್ಕ್, 2013ರ ಫೆಬ್ರವರಿ 15. ಅವತ್ತು ಎಲ್ಲರ ಕಣ್ಣು ಇನ್ನೊಂದು ಕಲ್ಲಿನ ಮೇಲೆ ಇತ್ತು. ಅದು ಲೆಕ್ಕ ಹಾಕಿದ ಹಾಗೇ ಸುಮಾರು 27,700 ಕಿ.ಮೀ. ದೂರದಲ್ಲಿ ಹಾದು ಹೋಯಿತು. ಅದಕ್ಕೂ ಕೆಲವು ಗಂಟೆ ಮೊದಲು, ಬೆಳಗ್ಗೆ, ಸುಮಾರು 20 ಮೀಟರ್ ಗಾತ್ರದ ಬೇರೆಯದೇ ಕಲ್ಲು ಸೂರ್ಯನ ಕಡೆಯಿಂದ ನುಗ್ಗಿತು. ಸೂರ್ಯನ ಬೆಳಕಿನಲ್ಲಿ ನೆಲದ ದೂರದರ್ಶಕಗಳಿಗೆ ಆ ಕಡೆ ಕಾಣುವುದೇ ಇಲ್ಲ. ಕಲ್ಲು ಸುಮಾರು 30 ಕಿ.ಮೀ. ಎತ್ತರದಲ್ಲಿ ಸಿಡಿಯಿತು. ಜನ ಏನದು ಅಂತ ಕಿಟಕಿ ಹತ್ತಿರ ಓಡಿ ನೋಡುತ್ತಾ ನಿಂತರು. ಎರಡು ನಿಮಿಷ ಕಳೆದ ಮೇಲೆ ಗಾಳಿಯ ಹೊಡೆತ ಬಂತು, ಗಾಜೆಲ್ಲ ಮುಖದ ಮೇಲೆ. ಗಾಯಗೊಂಡವರು ಸುಮಾರು 1,500. ಒಬ್ಬ ಟೀಚರ್ ಮಾತ್ರ ಬೆಳಕು ಕಂಡ ಕೂಡಲೇ ಮಕ್ಕಳನ್ನೆಲ್ಲ ಡೆಸ್ಕ್ ಕೆಳಗೆ ಕೂರಿಸಿದರು. ಆ ಮಕ್ಕಳಿಗೆ ಏನೂ ಆಗಲಿಲ್ಲ. ಗಾಜು ತಗುಲಿದ್ದು ಆ ಟೀಚರಿಗೆ. ಆಕಾಶದಲ್ಲಿ ಹಾಗೆ ಬೆಳಕು ಕಂಡರೆ ಕಿಟಕಿ ಹತ್ತಿರ ಹೋಗಬೇಡಿ ಅನ್ನೋ ಒಂದು ಮಾತು ನಿಮ್ಮ ಎರಡು ವರದಿಯಲ್ಲಿ ಎಲ್ಲಾದರೂ ಇದೆಯಾ?

‘2024 ವೈಆರ್4’ ಅನ್ನೋ ಕ್ಷುದ್ರಗ್ರಹದ ಸುದ್ದಿಯಲ್ಲೂ ಹೀಗೇ ಮಾಡಿದಿರಿ. ಅದು ಭೂಮಿಗೆ ಬಡಿಯುವ ಸಾಧ್ಯತೆ ನೂರಕ್ಕೆ 3.1ಕ್ಕೆ ಏರಿದಾಗ ದಪ್ಪ ಅಕ್ಷರ. ಕೆಲವೇ ದಿನದಲ್ಲಿ ಅದು ಸೊನ್ನೆ ಹತ್ತಿರ ಇಳಿದಾಗ ಒಂದು ಸಾಲೂ ಕಾಣಲಿಲ್ಲ. ಆ ಕಲ್ಲು ಭೂಮಿಗೆ ತೀರಾ ಹತ್ತಿರ ಬಂದದ್ದು 2024ರ ಡಿಸೆಂಬರ್ 25ಕ್ಕೆ, ಕಣ್ಣಿಗೆ ಬಿದ್ದದ್ದು 27ಕ್ಕೆ. ಹಾದು ಹೋದ ಮೇಲೆ ನೋಡಿದ್ದು! ಸುದ್ದಿ ಇರುವುದು ಅಲ್ಲಿ ಅಲ್ವಾ?

ಅಧಿಕಾರದಲ್ಲಿ ಕೂತವರಿಗೂ ಹೇಳಬೇಕು. 140 ಮೀಟರ್ ಮತ್ತು ಅದಕ್ಕಿಂತ ದೊಡ್ಡವುಗಳಲ್ಲಿ ನೂರಕ್ಕೆ 90ರಷ್ಟನ್ನು 2020ರೊಳಗೆ ಹುಡುಕಿ ಅಂತ ಅಮೆರಿಕದ ಸಂಸತ್ತು 2005ರಲ್ಲೇ ನಾಸಾಕ್ಕೆ ಹೇಳಿತ್ತು. 2020 ಬಂತು, ಹೋಯಿತು. ಕಲ್ಲಿನಿಂದ ಹೊಮ್ಮುವ ಶಾಖದಿಂದಲೇ ಕಪ್ಪು ಕಲ್ಲುಗಳನ್ನೂ ಕಂಡುಹಿಡಿಯಬಲ್ಲ ನಿಯೊ ಸರ್ವೇಯರ್ ದೂರದರ್ಶಕಕ್ಕೆ ನಡುವೆ ದುಡ್ಡು ಕಡಿಮೆ ಮಾಡಿ ಅದನ್ನು ಮುಂದಕ್ಕೆ ತಳ್ಳಿದರು. ಇಂಥ ಕಲ್ಲುಗಳ ಜಾಡು ಹಿಡಿಯುತ್ತಿದ್ದ, ಪೋರ್ಟೊರಿಕೊದ ಅರೆಸಿಬೊದ ರೇಡಾರ್ ದೂರದರ್ಶಕ 2020ರ ಡಿಸೆಂಬರ್‌ನಲ್ಲಿ ಕುಸಿದು ಬಿತ್ತು, ಮತ್ತೆ ಕಟ್ಟುವುದಿಲ್ಲ ಅಂದುಬಿಟ್ಟರು. 2022ರಲ್ಲಿ ನಾಸಾದ ಡಾರ್ಟ್ ನೌಕೆ ಡಿಮಾರ್ಫಸ್ ಅನ್ನೋ ಚಿಕ್ಕ ಕ್ಷುದ್ರಗ್ರಹಕ್ಕೆ ಡಿಕ್ಕಿ ಹೊಡೆದು, ಅದು ತನ್ನ ಜೊತೆಗಿನ ದೊಡ್ಡ ಕಲ್ಲಿಗೆ ಸುತ್ತು ಹಾಕುವ ಸಮಯವನ್ನು ಅರ್ಧ ಗಂಟೆಗೂ ಜಾಸ್ತಿ ಕಡಿಮೆ ಮಾಡಿ ತೋರಿಸಿತು. ಕಲ್ಲನ್ನು ತಳ್ಳೋಕೆ ಆಗುತ್ತೆ, ಆದರೆ ಎಷ್ಟೋ ವರ್ಷ ಮೊದಲೇ ಕಾಣಬೇಕು. ಹುಡುಕೋಕೆ ದುಡ್ಡು ಕೊಡದೆ ತಳ್ಳುವುದು ಏನನ್ನು?

ನಿನ್ನೆ ವಿಪತ್ತು ನೋಡಿಕೊಳ್ಳುವ ಕಚೇರಿಯೊಂದಕ್ಕೆ ಫೋನ್ ಮಾಡಿ, ಇಂಥದ್ದು ಬಂದರೆ ಜನಕ್ಕೆ ಹೇಗೆ ತಿಳಿಸ್ತೀರಿ ಅಂತ ಕೇಳಿದೆ. ‘ಅದು ನಮ್ಮ ವಿಭಾಗಕ್ಕೆ ಬರಲ್ಲ’ ಅಂದರು. ಯಾವ ವಿಭಾಗ ಅಂದರೆ ಫೋನ್ ಇಟ್ಟರು. ಹಿಂದೊಮ್ಮೆ ಗಾಳಿಮಳೆಯ ಎಚ್ಚರಿಕೆ ಮೆಸೇಜ್ ಮಳೆ ನಿಂತ ಮೇಲೆ ಕಳಿಸಿದವರೂ ಇವರೇ. ಅವತ್ತು ಬರೆದ ದೂರಿಗೆ ಇವತ್ತಿಗೂ ಉತ್ತರ ಇಲ್ಲ.

ಇಂಥ ಸುದ್ದಿಯನ್ನು ದಯವಿಟ್ಟು ಹೀಗೆ ಹಾಕಬೇಡಿ. ಹಾಕಿದರೆ ಪೂರ್ತಿ ಹಾಕಿ. ಅಧಿಕಾರಿಗಳೂ ಯಾರ ವಿಭಾಗ ಅಂತ ಮೊದಲು ತೀರ್ಮಾನ ಮಾಡಿಕೊಳ್ಳಲಿ. ಆ ಬಿಟ್ಟ ಪದವನ್ನು ನಾಳೆಯೇ, ಮುಖಪುಟದಲ್ಲೇ, ಚಿತ್ರ ಹಾಕಿದ ಜಾಗದಲ್ಲೇ ಹಾಕಿ. ನನ್ನ ಮಗಳಿಗೆ ಓದಿ ಹೇಳಬೇಕು.

ಇಂತಿ,
ನಿಮ್ಮ ಹಳೆಯ ಓದುಗ