ಮೊದಲು ಬೆಳಕು ಸರಿಮಾಡಿ, ಆಮೇಲೆ ಆ್ಯಪ್ ತೆರೆಯಿರಿ

ಮಾನ್ಯ ಸಂಪಾದಕರೇ,

ಆನ್‌ಲೈನ್‌ನಲ್ಲಿ ವಸ್ತು ಮಾರುವವರಿಗಾಗಿ ನೀವು ಪ್ರಕಟಿಸಿದ ಸಲಹೆಗಳ ಪುಟ ಓದಿದೆ. ಖಾತೆ ತೆರೆಯುವುದು, ಪ್ಯಾಕಿಂಗ್, ಕೊರಿಯರ್, ಇದರ ಬಗ್ಗೆ ಬರೆದಿದ್ದೆಲ್ಲ ಚೆನ್ನಾಗಿದೆ. ಫೋಟೊ ವಿಷಯಕ್ಕೆ ಮಾತ್ರ ಒಂದೇ ಸಾಲು: ಮೊಬೈಲ್‌ನಲ್ಲಿ ತೆಗೆಯಿರಿ, ಉಳಿದಿದ್ದನ್ನು ಆ್ಯಪ್ ನೋಡಿಕೊಳ್ಳುತ್ತದೆ. ಈ ಮಾತಿಗೆ ನನ್ನ ತಕರಾರಿದೆ. ಸಣ್ಣ ವ್ಯಾಪಾರಿಗಳ ವಸ್ತುಗಳ ಫೋಟೊ ತೆಗೆದು, ಬಣ್ಣ ಮತ್ತು ಸೈಜ್ ಸರಿಮಾಡಿ, ಲಿಸ್ಟಿಂಗ್‌ಗೆ, ಅಂದರೆ ಮಾರಾಟದ ತಾಣದಲ್ಲಿ ಆ ವಸ್ತುವಿನ ಪುಟಕ್ಕೆ, ಹಾಕಿಕೊಡುವುದೇ ನನ್ನ ಕೆಲಸ. ಮೊಬೈಲ್ ಸಾಕು ಅನ್ನುವುದನ್ನು ಒಪ್ಪುತ್ತೇನೆ. ಆ್ಯಪ್ ನೋಡಿಕೊಳ್ಳುತ್ತದೆ ಅನ್ನುವುದನ್ನು ಒಪ್ಪಲಾರೆ.

ಅಂಗಡಿಯಲ್ಲಿ ಗಿರಾಕಿ ವಸ್ತುವನ್ನು ಮುಟ್ಟುತ್ತಾರೆ, ತಿರುಗಿಸುತ್ತಾರೆ, ಬೆಳಕಿಗೆ ಹಿಡಿದು ನೋಡುತ್ತಾರೆ. ಆನ್‌ಲೈನ್‌ನಲ್ಲಿ ಅಷ್ಟೂ ಕೆಲಸವನ್ನು ಫೋಟೊ ಮಾಡಬೇಕು. ಬಣ್ಣ ಯಾವುದು, ಎಷ್ಟು ದೊಡ್ಡದು, ಮೈ ನುಣುಪೋ ಒರಟೋ, ಈ ಮೂರನ್ನು ಅದು ಸರಿಯಾಗಿ ಹೇಳಿದರೆ ಸಾಕು. ಆ್ಯಪ್ ಎಡವುವುದು ಸರಿಯಾಗಿ ಈ ಮೂರರಲ್ಲೇ. ಯಾಕೆಂದರೆ ಅದು ವಸ್ತುವನ್ನು ನೋಡಿಲ್ಲ, ನಿಮ್ಮ ಫೋಟೊ ಮಾತ್ರ ನೋಡಿದೆ. ಫೋಟೊದಲ್ಲಿ ಇಲ್ಲದ್ದನ್ನು ಅದು ಊಹೆ ಮಾಡಿ ತುಂಬುತ್ತದೆ.

ಒಬ್ಬ ವ್ಯಾಪಾರಿ ಹೆಣೆದ ಬುಟ್ಟಿಗಳ ಫೋಟೊಗಳನ್ನು ನನ್ನ ಹತ್ತಿರ ತಂದಿದ್ದರು. ಮಾಲು ಯಾಕೆ ವಾಪಸ್ ಬರುತ್ತಿದೆ ಅಂತ ಅವರಿಗೆ ಗೊತ್ತಾಗುತ್ತಿರಲಿಲ್ಲ. ಫೋಟೊ ದೊಡ್ಡದು ಮಾಡಿ ನೋಡಿದೆ. ಹಿನ್ನೆಲೆ ತೆಗೆಯುವ ಆ್ಯಪ್ ಬುಟ್ಟಿಯ ಅಂಚಿನ ಸಣ್ಣ ಎಳೆಗಳನ್ನೆಲ್ಲ ಸವರಿಹಾಕಿತ್ತು. ಹೆಣಿಗೆಯ ನಡುವಿನ ಸಂದುಗಳಲ್ಲಿ ಹಳೆಯ ನೆಲದ ಬೂದು ಬಣ್ಣ ಹಾಗೇ ಉಳಿದುಕೊಂಡಿತ್ತು. ಹಾಗಾಗಿ ತೆರೆದ ಹೆಣಿಗೆ ಗಟ್ಟಿ ಹೆಣಿಗೆಯ ಹಾಗೆ ಕಾಣುತ್ತಿತ್ತು. ಅಡಿಯಲ್ಲಿದ್ದ ನೆರಳೂ ಹೋಗಿ ಬುಟ್ಟಿ ಗಾಳಿಯಲ್ಲಿ ತೇಲುತ್ತಿತ್ತು. ಗಿರಾಕಿ ನಯವಾದ, ಸಂದಿಲ್ಲದ ಬುಟ್ಟಿ ಅಂದುಕೊಂಡು ತರಿಸಿದ್ದಾರೆ, ಕೈಗೆ ಬಂದದ್ದು ಬೇರೆ. ಬುಟ್ಟಿಯಲ್ಲಿ ಯಾವ ದೋಷವೂ ಇರಲಿಲ್ಲ. ನೋಡಿ, ಒಳ್ಳೆಯ ಕೈಕೆಲಸವನ್ನು ಫೋಟೊ ಹೀಗೆ ಸೋಲಿಸಿಬಿಡುತ್ತದೆ. ನನಗೆ ಬೇಜಾರಾಗುವುದು ಇದಕ್ಕೇ.

ಪರಿಹಾರ ದೊಡ್ಡ ಖರ್ಚಿನದಲ್ಲ. ನೇರ ಬಿಸಿಲು ಬೀಳದ ಒಂದು ಕಿಟಕಿ ಸಾಕು. ಬೆಳಕು ಜೋರಿದ್ದರೆ ಕಿಟಕಿಗೆ ತೆಳುವಾದ ಬಿಳಿ ಬಟ್ಟೆ ಕಟ್ಟಿ. ಪಕ್ಕದಲ್ಲಿ ಟೇಬಲ್ ಹಾಕಿ. ದೊಡ್ಡ ಬಿಳಿ ಡ್ರಾಯಿಂಗ್ ಶೀಟ್ ತಂದು ಒಂದು ತುದಿಯನ್ನು ಗೋಡೆಗೆ ಅಂಟಿಸಿ, ಇನ್ನೊಂದು ತುದಿಯನ್ನು ಟೇಬಲ್ ಮೇಲೆ ಹರಡಿ. ನಡುವೆ ಮಡಿಕೆ ಬೀಳಬಾರದು, ಮೆಲ್ಲಗೆ ಬಾಗಬೇಕು. ಆಗ ಹಿಂದೆ ಗೆರೆ ಕಾಣುವುದಿಲ್ಲ. ಕಿಟಕಿಯ ಎದುರು ಬದಿಗೆ ಒಂದು ಥರ್ಮಾಕೋಲ್ ಹಲಗೆ ನಿಲ್ಲಿಸಿ, ಅದು ಬೆಳಕನ್ನು ವಾಪಸ್ ಎಸೆದು ಕಪ್ಪು ನೆರಳನ್ನು ತಿಳಿ ಮಾಡುತ್ತದೆ. ಮೊಬೈಲ್ ಸ್ಟ್ಯಾಂಡ್ ಮೇಲಿರಲಿ. ಬಟನ್ ಒತ್ತುವಾಗಿನ ಅಲುಗಾಟ ತಪ್ಪಿಸಲು 2 ಅಥವಾ 3 ಸೆಕೆಂಡಿನ ಟೈಮರ್ ಹಾಕಿ. ಅದಕ್ಕೂ ಮೊದಲು ಲೆನ್ಸ್ ಒರೆಸಿ. ಇಷ್ಟು ಸಣ್ಣ ಮಾತು ಯಾಕೆ ಹೇಳಬೇಕು ಅನ್ನಿಸಬಹುದು. ಆದರೆ ನನ್ನ ಹತ್ತಿರ ಬರುವ ಮಸುಕು ಫೋಟೊಗಳಲ್ಲಿ ಎಷ್ಟೋ ಬರೀ ಬೆರಳಿನ ಜಿಡ್ಡಿನಿಂದ ಆದವು.

ಎಲ್ಲಕ್ಕಿಂತ ಮುಖ್ಯವಾದದ್ದು, ರೂಮಿನ ಲೈಟುಗಳನ್ನೆಲ್ಲ ಆರಿಸಬೇಕು. ಬೆಳಕು ಜಾಸ್ತಿಯಾದರೆ ಒಳ್ಳೆಯದಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಅಲ್ಲ. ಹಳದಿ ಬಲ್ಬಿನ ಬೆಳಕು ಸುಮಾರು 2700ರಿಂದ 3000 ಕೆಲ್ವಿನ್, ಹಗಲು ಬೆಳಕು ಸುಮಾರು 5500 ಅಥವಾ ಅದಕ್ಕಿಂತ ಮೇಲೆ. ಕೆಲ್ವಿನ್ ಅಂದರೆ ಬೆಳಕಿನ ಬಣ್ಣದ ಅಳತೆ, ಅಂಕಿ ಕಡಿಮೆಯಾದಷ್ಟು ಹಳದಿ, ಏರಿದಷ್ಟು ನೀಲಿ. ಕ್ಯಾಮೆರಾ ಒಂದು ಫೋಟೊಗೆ ಸಾಮಾನ್ಯವಾಗಿ ಒಂದೇ ಬಣ್ಣದ ಹೊಂದಾಣಿಕೆ ಮಾಡುತ್ತದೆ. ಎರಡೂ ಬೆಳಕು ಬೆರೆತರೆ ವಸ್ತುವಿನ ಒಂದು ಪಕ್ಕ ಹಳದಿಗೆ, ಇನ್ನೊಂದು ಪಕ್ಕ ನೀಲಿಗೆ ತಿರುಗುತ್ತದೆ. ಆಮೇಲೆ ಯಾವ ಗುಂಡಿ ತಿರುಗಿಸಿದರೂ ಒಂದು ಕಡೆ ಸರಿಯಾದರೆ ಇನ್ನೊಂದು ಕಡೆ ಕೆಡುತ್ತದೆ.

ಬಟ್ಟೆ ಮಾರುವವರಿಗೆ ಇದು ಬಹಳ ದೊಡ್ಡ ವಿಷಯ. ಮರೂನ್ ಶಾಲು ಹಳದಿ ಬೆಳಕಿನಲ್ಲಿ ಇಟ್ಟಿಗೆ ಕೆಂಪಾಗಿ ಕಾಣುತ್ತದೆ, ಮೋಡದ ಬೆಳಕಿನಲ್ಲಿ ನೇರಳೆಯ ಕಡೆ ಜಾರುತ್ತದೆ. ಫ್ರೇಮ್ ತುಂಬ ಒಂದೇ ಬಣ್ಣ ಇದ್ದರೆ ಮೊಬೈಲ್ ಇನ್ನೂ ಗೊಂದಲಕ್ಕೆ ಬೀಳುತ್ತದೆ. ಕೆಂಪು ಜಾಸ್ತಿಯಾಯಿತು ಅಂತ ತಿಳಿದು ಅದೇ ಕೆಂಪನ್ನು ಕಡಿಮೆ ಮಾಡಿಬಿಡುತ್ತದೆ. ನಾನು ಮಾಡುವುದು ಇಷ್ಟು. ಮೊದಲ ಫೋಟೊದಲ್ಲಿ ಶಾಲಿನ ಪಕ್ಕ ಒಂದು ಬೂದು ಕಾರ್ಡ್ ಇಡುತ್ತೇನೆ. ಆಮೇಲೆ ಕಾರ್ಡ್ ತೆಗೆದು, ಬೇರೇನೂ ಬದಲಿಸದೆ, ಉಳಿದ ಫೋಟೊ ತೆಗೆಯುತ್ತೇನೆ. ಎಡಿಟ್ ಮಾಡುವಾಗ ಕಾರ್ಡ್ ನಿಜವಾದ ಬೂದು ಆಗುವ ಹಾಗೆ ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ತಕ್ಕ ಹೊಂದಾಣಿಕೆ) ಸರಿಮಾಡಿ, ಅದೇ ಅಳತೆಯನ್ನು ಎಲ್ಲದಕ್ಕೂ ಹಾಕುತ್ತೇನೆ. ಕೊನೆಗೆ ಶಾಲನ್ನು ಸ್ಕ್ರೀನ್ ಪಕ್ಕ ಹಿಡಿದು ಕಣ್ಣಲ್ಲೇ ಹೋಲಿಸುತ್ತೇನೆ. ಗಿರಾಕಿಯ ಸ್ಕ್ರೀನ್ ನನ್ನದರ ಹಾಗೇ ಇರುವುದಿಲ್ಲ ನಿಜ. ಅದು ನನ್ನ ಕೈಯಲ್ಲಿಲ್ಲ. ನನ್ನ ಕಡೆಯಿಂದ ಹೋಗುವ ಬಣ್ಣ ಸರಿ ಇರಬೇಕು, ಅಷ್ಟೇ.

ಬಿಳಿ ಹಿನ್ನೆಲೆ ಬೂದಾಗಿ ಬರುತ್ತದೆ ಅನ್ನುವುದು ಇನ್ನೊಂದು ದೂರು. ಇದಕ್ಕೂ ಕಾರಣ ಇದೆ. ಕ್ಯಾಮೆರಾದ ಬೆಳಕಿನ ಅಳತೆ, ಕಂಡದ್ದನ್ನೆಲ್ಲ ನಡುಮಟ್ಟದ ಬೂದಿಗೆ ತರಲು ನೋಡುತ್ತದೆ. ಎಲ್ಲ ಬಿಳಿ ಇದ್ದರೆ ಬೆಳಕು ಜಾಸ್ತಿಯಾಯಿತೆಂದು ಕಡಿಮೆ ಮಾಡುತ್ತದೆ. ಮೊಬೈಲ್‌ನಲ್ಲಿ ವಸ್ತುವಿನ ಮೇಲೆ ಬೆರಳೊತ್ತಿ, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಸ್ವಲ್ಪ ಮೇಲಕ್ಕೆ ಎಳೆಯಿರಿ. ಕ್ಯಾಮೆರಾದಲ್ಲಾದರೆ ಎಕ್ಸ್‌ಪೋಷರ್, ಅಂದರೆ ಫೋಟೊಗೆ ಸಿಗುವ ಬೆಳಕಿನ ಅಳತೆಯನ್ನು, ಪ್ಲಸ್ ಕಡೆಗೆ ತಿರುಗಿಸಿ. ಇದನ್ನು ತೆಗೆಯುವಾಗಲೇ ಮಾಡಬೇಕು. ಆಮೇಲೆ ಆ್ಯಪ್‌ನಲ್ಲಿ ಇಡೀ ಚಿತ್ರದ ಬ್ರೈಟ್‌ನೆಸ್ ಏರಿಸಿದರೆ ಹಿನ್ನೆಲೆಯ ಜೊತೆ ವಸ್ತುವೂ ಬೆಳ್ಳಗಾಗುತ್ತದೆ. ಬಿಳಿ ಟೀ ಕಪ್‌ನ ಅಂಚು ಬಿಳಿ ಹಿನ್ನೆಲೆಯಲ್ಲಿ ಕರಗಿಹೋಗುತ್ತದೆ. ಒಮ್ಮೆ ಹೋದ ವಿವರ ಮತ್ತೆ ಬರುವುದಿಲ್ಲ.

ಹೊಳೆಯುವ ವಸ್ತುಗಳ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಯಾಕೆಂದರೆ ಇಲ್ಲಿ ಯಾವ ಆ್ಯಪ್ ಕೂಡ ಸಹಾಯಕ್ಕೆ ಬರುವುದಿಲ್ಲ. ಸ್ಟೀಲ್ ಜಗ್ ಒಂದನ್ನು ಟೇಬಲ್ ಮೇಲಿಟ್ಟು ಫೋಟೊ ತೆಗೆಯಿರಿ. ಜಗ್‌ನ ಹೊಟ್ಟೆಯ ಮೇಲೆ ಕಿಟಕಿ, ಬಾಗಿಲು, ಮೊಬೈಲ್ ಹಿಡಿದ ನೀವು, ನಿಮ್ಮ ಅಂಗಿಯ ಬಣ್ಣ ಎಲ್ಲ ಇರುತ್ತದೆ. ಸ್ಟೀಲಿಗೆ ತನ್ನದೇ ರೂಪ ಅಂತ ಇಲ್ಲ, ಸುತ್ತ ಇರುವುದನ್ನು ತೋರಿಸುವುದೇ ಅದರ ಕೆಲಸ. ಹಾಗಾಗಿ ಫೋಟೊ ತೆಗೆಯಬೇಕಾದದ್ದು ಜಗ್‌ನದ್ದಲ್ಲ, ಜಗ್ ಏನನ್ನು ನೋಡುತ್ತಿದೆಯೋ ಅದರದ್ದು. ಎರಡೂ ಪಕ್ಕ ಬಿಳಿ ಹಲಗೆ ನಿಲ್ಲಿಸಿ, ಮೇಲೂ ಒಂದು ಇಡಿ. ಮುಂದೆ ಇನ್ನೊಂದು ಬಿಳಿ ಹಲಗೆಯಲ್ಲಿ ಲೆನ್ಸ್‌ಗೆ ಬೇಕಾದಷ್ಟೇ ತೂತು ಕೊರೆದು ಅದರ ಹಿಂದಿನಿಂದ ತೆಗೆಯಿರಿ. ಈಗ ಜಗ್ ಪೂರ್ತಿ ಬಿಳಿ, ಆದರೆ ಚಪ್ಪಟೆ. ಅಂಚು ಎಲ್ಲಿ ಮುಗಿಯಿತು ಅಂತಲೇ ತಿಳಿಯುವುದಿಲ್ಲ. ಆಗ ಎರಡೂ ಪಕ್ಕ ಫ್ರೇಮಿನ ಆಚೆಗೆ ಕಪ್ಪು ಕಾಗದದ ಸಣ್ಣ ಪಟ್ಟಿ ನಿಲ್ಲಿಸಿ. ಜಗ್‌ನ ಎರಡೂ ಅಂಚಿಗೆ ತೆಳ್ಳಗೆ ಕಪ್ಪು ಗೆರೆ ಎಳೆದ ಹಾಗೆ ಆಗುತ್ತದೆ, ದುಂಡು ಎದ್ದು ಬರುತ್ತದೆ. ಪಟ್ಟಿಯನ್ನು ಬೆರಳಿನಷ್ಟು ಆಚೀಚೆ ಸರಿಸಿದರೂ ಗೆರೆ ದಪ್ಪ ಸಣ್ಣ ಆಗುವುದನ್ನು ನೋಡುವುದೇ ಒಂದು ಖುಷಿ. ಗಾಜಿನ ಬಾಟಲಿಗೂ ಇದೇ ಕಪ್ಪು ಪಟ್ಟಿ, ಆದರೆ ಬೆಳಕು ಬಾಟಲಿಯ ಹಿಂದಿನಿಂದ ಬರಬೇಕು. ಲೆನ್ಸ್ ಮುಂದೆ ಹಾಕುವ ಪೋಲರೈಸಿಂಗ್ ಫಿಲ್ಟರ್ ಕೊಂಡರೆ ಎಲ್ಲ ಹೊಳಪು ಹೋಗುತ್ತದೆ ಅಂತ ಕೆಲವರು ಹೇಳುತ್ತಾರೆ. ಗಾಜು, ಪ್ಲಾಸ್ಟಿಕ್, ವಾರ್ನಿಷ್ ಮೇಲಿನ ಹೊಳಪನ್ನು ಅದು ಕಡಿಮೆ ಮಾಡುತ್ತದೆ. ಏನೂ ಬಳಿಯದ ಲೋಹದ ಮೇಲೆ ಅದರಿಂದ ಹೆಚ್ಚೇನೂ ಆಗುವುದಿಲ್ಲ, ಸುಮ್ನೆ ದುಡ್ಡು ಹಾಕಬೇಡಿ.

ಅಳತೆಯ ವಿಷಯ. ಮೊಬೈಲನ್ನು ವಸ್ತುವಿನ ಹತ್ತಿರಕ್ಕೆ ಒಯ್ದರೆ ಮುಂದಿನ ಭಾಗ ಉಬ್ಬುತ್ತದೆ, ಹಿಂದಿನದು ಕುಗ್ಗುತ್ತದೆ. ಶೂ ಫೋಟೊಗಳಲ್ಲಿ ತುದಿ ಅಷ್ಟು ದೊಡ್ಡದಾಗಿ ಕಾಣುವುದು ಇದಕ್ಕೇ. ಎರಡು ಹೆಜ್ಜೆ ಹಿಂದೆ ಸರಿದು 2 ಎಕ್ಸ್ ಜೂಮ್‌ನಲ್ಲಿ ತೆಗೆಯಿರಿ. ಇನ್ನು ಬಿಳಿ ಹಿನ್ನೆಲೆಯಲ್ಲಿ ಒಂಟಿಯಾಗಿ ನಿಂತ ಬ್ಯಾಗ್ ಎಷ್ಟು ದೊಡ್ಡದು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಒಂದು ಫೋಟೊದಲ್ಲಿ ಯಾರಾದರೂ ಅದನ್ನು ಹೆಗಲಿಗೆ ಹಾಕಿಕೊಂಡಿರಲಿ. ಕಿವಿಯೋಲೆ ಆದರೆ ಕಿವಿಯಲ್ಲೇ ಇರಲಿ, ಪಕ್ಕದಲ್ಲಿ ಸ್ಕೇಲ್ ಇಟ್ಟ ಇನ್ನೊಂದೂ ಇರಲಿ. ಸೆಂಟಿಮೀಟರ್ ಲೆಕ್ಕವನ್ನು ಕೆಳಗೆ ಬರೆದಿದ್ದೇವಲ್ಲ ಅನ್ನುವವರಿಗೆ ನನ್ನ ಉತ್ತರ: ಜನ ಮೊದಲು ಫೋಟೊ ನೋಡುತ್ತಾರೆ, ಎಷ್ಟೋ ಸಲ ಅದನ್ನು ಮಾತ್ರ ನೋಡುತ್ತಾರೆ.

ಪಿಕ್ಸೆಲ್ ಲೆಕ್ಕ ಸುಲಭ, ಬೇಗ ಹೇಳಿಬಿಡುತ್ತೇನೆ. ಅಮೆಜಾನ್‌ನಲ್ಲಿ ಮುಖ್ಯ ಫೋಟೊದ ಹಿನ್ನೆಲೆ ಅಪ್ಪಟ ಬಿಳಿ ಇರಬೇಕು, ಅಂದರೆ ಎಡಿಟಿಂಗ್ ಆ್ಯಪ್ ತೋರಿಸುವ ಕೆಂಪು, ಹಸಿರು, ನೀಲಿ ಅಂಕಿ ಮೂರೂ ಗರಿಷ್ಠ ಮಟ್ಟವಾದ 255. ವಸ್ತು ಚಿತ್ರದ ಶೇ 85ರಷ್ಟು ತುಂಬಿರಬೇಕು. ಅದರ ಮೇಲೆ ಅಕ್ಷರ, ವಾಟರ್‌ಮಾರ್ಕ್ ಇರಬಾರದು. ಉದ್ದದ ಬದಿ 1000 ಪಿಕ್ಸೆಲ್ ದಾಟಿದರೆ ಗಿರಾಕಿಗೆ ಜೂಮ್ ಮಾಡಲು ಆಗುತ್ತದೆ. ಇಬೇಯಲ್ಲಿ ಉದ್ದದ ಬದಿ ಕನಿಷ್ಠ 500 ಪಿಕ್ಸೆಲ್. ಕೈಕೆಲಸದ ವಸ್ತುಗಳಿಗೆ ಹೆಸರಾದ ಎಟ್ಸಿ ತಾಣ ಗಿಡ್ಡ ಬದಿಯೇ 2000 ಇರಲಿ ಅನ್ನುತ್ತದೆ. ಹಾಗಾಗಿ ನಾನು ದೊಡ್ಡದಾಗಿ ತೆಗೆದು ಇಟ್ಟುಕೊಂಡು, ಬೇಕಾದಂತೆ ಚಿಕ್ಕದು ಮಾಡುತ್ತೇನೆ. ಚಿಕ್ಕದನ್ನು ಹಿಗ್ಗಿಸಿದರೆ ವಿವರ ಹುಟ್ಟುವುದಿಲ್ಲ. ಬಣ್ಣದ ಸೆಟ್ಟಿಂಗ್ ಎಸ್‌ಆರ್‌ಜಿಬಿ (sRGB) ಇರಲಿ. 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಸೇರಿ ರೂಪಿಸಿದ ಈ ಮಾನದಂಡವೇ ಇವತ್ತಿಗೂ ವೆಬ್‌ನ ಸಾಮಾನ್ಯ ಭಾಷೆ. ಬೇರೆ ಸೆಟ್ಟಿಂಗ್‌ನಲ್ಲಿ ಉಳಿಸಿದ ಫೋಟೊ ಕೆಲವು ಕಡೆ ಕಳೆಗುಂದಿ ಕಾಣುತ್ತದೆ.

ಜೆಪೆಗ್ (.jpg) ಫೈಲನ್ನು ಮತ್ತೆ ಮತ್ತೆ ತೆರೆದು ಎಡಿಟ್ ಮಾಡಿ ಸೇವ್ ಮಾಡಬೇಡಿ. ಅದು ಚಿತ್ರವನ್ನು 8 ಅಡ್ಡ 8 ಪಿಕ್ಸೆಲ್‌ಗಳ ಚೌಕಗಳಾಗಿ ಒಡೆದು, ಕಣ್ಣಿಗೆ ಅಷ್ಟಾಗಿ ಕಾಣದ ವಿವರವನ್ನು ಬಿಟ್ಟು ಉಳಿಸುತ್ತದೆ. ಪ್ರತಿ ಸೇವ್‌ಗೂ ಇನ್ನಷ್ಟು ವಿವರ ಹೋಗಬಹುದು. ಮೂಲ ಫೋಟೊ ಹಾಗೇ ಇರಲಿ, ನಕಲಿನ ಮೇಲೆ ಕೆಲಸ ಮಾಡಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ಅದು ಕುಗ್ಗಿಸಿಯೇ ಕಳಿಸುತ್ತದೆ. ಮನೆಯಲ್ಲಿ ತೆಗೆದ ಫೋಟೊ ಆದರೆ ಜಾಗದ ಮಾಹಿತಿ ಅಳಿಸುವುದನ್ನು ಮರೆಯಬೇಡಿ. ಲೊಕೇಷನ್ ಆನ್ ಇದ್ದರೆ ನಿಮ್ಮ ಮನೆ ಎಲ್ಲಿದೆ ಅನ್ನುವುದು ಫೈಲಿನೊಳಗೇ ಸೇರಿಕೊಂಡಿರುತ್ತದೆ.

ಎಲ್ಲ ಮುಗಿದ ಮೇಲೆ ಫೋಟೊವನ್ನು ಹೆಬ್ಬೆರಳಿನ ಉಗುರಿನಷ್ಟು ಚಿಕ್ಕದು ಮಾಡಿ ನೋಡಿ. ಹುಡುಕಿದಾಗ ಜನರಿಗೆ ಮೊದಲು ಕಾಣುವುದು ಆ ಗಾತ್ರದಲ್ಲೇ. ಅಷ್ಟರಲ್ಲಿ ವಸ್ತು ಏನು ಅಂತ ತಿಳಿಯದಿದ್ದರೆ ಕೋನ ಬದಲಿಸಿ ಮತ್ತೆ ತೆಗೆಯಬೇಕು.

ಎಡಿಟಿಂಗ್‌ಗೆ ಗಡಿ ಎಲ್ಲಿ ಅಂತ ಕೇಳುವವರಿದ್ದಾರೆ. ನಾನು ಇಟ್ಟುಕೊಂಡ ಗಡಿ ಸ್ಪಷ್ಟವಾಗಿದೆ. ಶೀಟಿನ ಮೇಲಿನ ಧೂಳು, ಬೆರಳ ಗುರುತು, ವಕ್ರವಾದ ಫ್ರೇಮ್ ಸರಿಮಾಡುತ್ತೇನೆ, ಅವು ವಸ್ತುವಿನದ್ದಲ್ಲ. ಮರದ ಗಂಟು, ಕೈಮಗ್ಗದ ಬಟ್ಟೆಯ ಏರುಪೇರು, ಹಳೆಯ ವಸ್ತುವಿನ ಗೀರು ಮುಟ್ಟುವುದಿಲ್ಲ. ಗೀರಿದ್ದರೆ ಅದರದ್ದೇ ಒಂದು ಹತ್ತಿರದ ಫೋಟೊ ಹಾಕಿಸುತ್ತೇನೆ. ವ್ಯಾಪಾರಿಗಳು ಮೊದಲು ಹಿಂಜರಿಯುತ್ತಾರೆ, ಯಾರು ಕೊಳ್ಳುತ್ತಾರೆ ಅನ್ನುತ್ತಾರೆ. ಗೀರನ್ನು ನೋಡಿಯೇ ಕೊಂಡ ಗಿರಾಕಿಗೆ ಅದೇ ಗೀರಿನ ಕಾರಣಕ್ಕೆ ವಾಪಸ್ ಕಳಿಸುವ ಪ್ರಮೇಯ ಬರುವುದಿಲ್ಲ. ಈಗ ಎಐ ಬಂದ ಮೇಲೆ ವಸ್ತುವನ್ನು ಇಲ್ಲದ ಕೋಣೆಯಲ್ಲಿ, ಇಲ್ಲದ ಬೆಳಕಿನಲ್ಲಿ ಇಡುವುದು ಸುಲಭವಾಗಿದೆ. ಹಿನ್ನೆಲೆ ಬದಲಾಗುವಾಗ ವಸ್ತುವಿನ ಹೊಲಿಗೆ, ಗುಂಡಿ, ಹಿಡಿಕೆಯ ಆಕಾರವೂ ಸದ್ದಿಲ್ಲದೆ ಬದಲಾಗಿಬಿಡಬಹುದು. ಹೊಲಿಗೆಯ ಸಾಲು ಹೆಚ್ಚು ಕಡಿಮೆಯಾಗಿರುವುದನ್ನು ನಾನೇ ನೋಡಿದ್ದೇನೆ. ಮಾರಿದವರು ಅದನ್ನು ಗಮನಿಸಿರುವುದಿಲ್ಲ, ಕೊಂಡವರು ಗಮನಿಸುತ್ತಾರೆ.

ನಿಮ್ಮಲ್ಲಿ ಒಂದು ಕೋರಿಕೆ ಇದೆ. ಮುಂದಿನ ಸಲ ಈ ಪುಟ ಮಾಡುವಾಗ ಆ್ಯಪ್‌ಗಳ ಹೆಸರಿನ ಪಟ್ಟಿ ಬೇಡ. ಒಂದೇ ವಸ್ತುವಿನ ಎರಡು ಫೋಟೊ ಅಕ್ಕಪಕ್ಕ ಹಾಕಿ: ಲೈಟ್ ಹಾಕಿ ತೆಗೆದು ಆ್ಯಪ್‌ನಲ್ಲಿ ಬೆಳ್ಳಗೆ ಮಾಡಿದ್ದು ಒಂದು, ಲೈಟ್ ಆರಿಸಿ ಕಿಟಕಿ ಪಕ್ಕ ತೆಗೆದು ಏನೂ ಮಾಡದೆ ಬಿಟ್ಟಿದ್ದು ಇನ್ನೊಂದು. ಜೊತೆಗೆ ಟೇಬಲ್, ಶೀಟ್, ಹಲಗೆ ಎಲ್ಲೆಲ್ಲಿ ಇಡಬೇಕು ಅನ್ನುವ ಒಂದು ಸರಳ ಚಿತ್ರ ಇರಲಿ. ಹೊಸದಾಗಿ ಮಾರಾಟಕ್ಕೆ ಇಳಿಯುವವರು ಅದನ್ನು ಕತ್ತರಿಸಿ ಗೋಡೆಗೆ ಅಂಟಿಸಿಕೊಳ್ಳಬಹುದು. ಫೋಟೊಗಳನ್ನು ನಾನೇ ತೆಗೆದುಕೊಡುತ್ತೇನೆ, ಅದಕ್ಕೆ ಏನೂ ಕೊಡಬೇಕಿಲ್ಲ.

ಇಂತಿ,
ಮಾರಾಟದ ವಸ್ತುಗಳ ಫೋಟೊ ತೆಗೆಯುವ ನಿಮ್ಮ ಓದುಗ