ಸುಬ್ಬು, ಅಮ್ಮನಿಗೆ ಇನ್ನೂ ಹೇಳಬೇಡ

ಸುಬ್ಬು,

ಡೇವಿಸ್‌ನಲ್ಲಿ, ಅಂದರೆ ಆ ಊರಿನ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯಲ್ಲಿ, ಸೀಟು ಸಿಕ್ಕಿದ್ದನ್ನು ಏಪ್ರಿಲ್‌ನಲ್ಲೇ ಫೋನಿನಲ್ಲಿ ಕೂಗಿ ಹೇಳಿದ್ದೆ. ನಿನ್ನೆ ಬಂದದ್ದು ಅದಕ್ಕಿಂತ ದೊಡ್ಡ ಸುದ್ದಿ. ಫೀಸಿನ ಲೆಕ್ಕಕ್ಕೆ ನಾನು ಕ್ಯಾಲಿಫೋರ್ನಿಯಾದವನೇ ಅಂತ ಯೂನಿವರ್ಸಿಟಿ ಒಪ್ಪಿಕೊಂಡಿದೆ. 'ರೆಸಿಡೆಂಟ್' ಅಂತ ಒಂದೇ ಪದ ಮಾರಾಯ. ಅದು ಇಲ್ಲದಿದ್ದರೆ ಮಾಮೂಲಿ ಫೀಸಿನ ಮೇಲೆ 2025-26ರ ಒಂದೇ ವರ್ಷಕ್ಕೆ 37,602 ಡಾಲರ್ ಜಾಸ್ತಿ ಕಟ್ಟಬೇಕಿತ್ತು. ಅಷ್ಟು ದುಡ್ಡು ನಮ್ಮ ಹತ್ತಿರ ಇಲ್ಲ. ಸೀಟು ಬಿಡಬೇಕಾಗುತ್ತಿತ್ತು.

ಅಪ್ಪ ಹೋದಮೇಲೆ ಎರಡನೇ ಬಿ.ಎಸ್ಸಿ.ಗೆ ಪುಸ್ತಕ ಮುಚ್ಚಿದವನು ನಾನು. ಮೂವತ್ತಾರಕ್ಕೆ ಮತ್ತೆ ತೆರೆದೆ. ಇಲ್ಲಿನ ಕಮ್ಯೂನಿಟಿ ಕಾಲೇಜಿಗೆ, ಅಂದರೆ ಎರಡು ವರ್ಷದ ಸರ್ಕಾರಿ ಕಾಲೇಜಿಗೆ, ಪ್ರವೇಶ ಪರೀಕ್ಷೆ ಇಲ್ಲ, ಹದಿನೆಂಟು ತುಂಬಿದ ಯಾರು ಬೇಕಾದರೂ ಸೇರಬಹುದು. ರಾಜ್ಯದವರಿಗೆ ಒಂದು ಯೂನಿಟ್‌ಗೆ, ಅಂದರೆ ಕೋರ್ಸಿನ ಒಂದು ಕ್ರೆಡಿಟ್‌ಗೆ, 46 ಡಾಲರ್. ಅರವತ್ತು ಯೂನಿಟ್ ಮುಗಿಸಿದರೆ ಯೂನಿವರ್ಸಿಟಿಯಲ್ಲಿ ಸೀದಾ ಮೂರನೇ ವರ್ಷ. ಆದರೆ ರಾಜ್ಯದವನು ಅನ್ನಿಸಿಕೊಳ್ಳಲು ಒಂದು ವರ್ಷದ ಮೇಲೆ ಒಂದು ದಿನ ಇಲ್ಲೇ ಇದ್ದಿರಬೇಕು. ಹಾಗಾಗಿ 2022ರಲ್ಲಿ ಬಂದವನು ಮೊದಲ ವರ್ಷ ಕಾಲೇಜಿನ ಕಡೆ ಹೋಗಲೇ ಇಲ್ಲ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ದಿನ ಹೊಡೆದುಹಾಕುತ್ತಾ ಕೂತೆ. 366.

ಮಧ್ಯೆ ಒಬ್ಬರು ಎಫ್-1 ಅನ್ನುವ ವಿದ್ಯಾರ್ಥಿ ವೀಸಾಕ್ಕೆ ಬದಲಾಯಿಸಿಕೋ ಅಂದಿದ್ದರು. ಕಾಲೇಜಿನ ಕೌನ್ಸೆಲರ್ ತಡೆದರು. ಎಫ್-1 ಅಂದರೆ ಓದು ಮುಗಿಸಿ ವಾಪಸ್ ಹೋಗುತ್ತೇನೆ ಅಂತ ಮಾತು ಕೊಟ್ಟ ಹಾಗೆ. ಆ ವೀಸಾದವರು ಎಷ್ಟು ವರ್ಷ ಇದ್ದರೂ ಹೊರಗಿನವರ ಫೀಸೇ. ಆದರೆ ನನ್ನ ಹಾಗೆ ಹೆಂಡತಿಯ ಕೆಲಸದ ವೀಸಾ ಎಚ್-1ಬಿ ಜೊತೆ, ಎಚ್-4 ಅನ್ನುವ ಕುಟುಂಬದ ವೀಸಾದಲ್ಲಿ ಬಂದವರು ಇದೇ ನಮ್ಮ ಮನೆ ಅಂತ ತೋರಿಸಿಕೊಡಬಹುದು. ಆ ಕೌನ್ಸೆಲರ್ ಅವತ್ತು ಅಷ್ಟು ಹೇಳದಿದ್ದರೆ ಈ ಪತ್ರವೇ ಇರುತ್ತಿರಲಿಲ್ಲ.

ತೋರಿಸಿಕೊಡುವುದು ಅಂದರೆ ಕಾಗದ. ಬಾಡಿಗೆ ಕರಾರು, ಟ್ಯಾಕ್ಸ್, ಕರೆಂಟ್ ಬಿಲ್, ಡ್ರೈವಿಂಗ್ ಲೈಸೆನ್ಸ್. ಲೈಸೆನ್ಸನ್ನು ಸ್ಕ್ಯಾನ್ ಮಾಡುವಾಗ ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದು ನೋಡಿದೆ. ಅದರ ಅವಧಿ ಮುಗಿಯುವುದು ಈ ದೇಶದಲ್ಲಿ ಇರಲು ಕೊಟ್ಟ ಅನುಮತಿ ಮುಗಿಯುವ ದಿನಕ್ಕೇ. ಇಲ್ಲೇ ಇರುತ್ತೇನೆ ಅನ್ನುವುದಕ್ಕೆ ಅದನ್ನೇ ಸಾಕ್ಷಿ ಕೊಟ್ಟೆ.

ಆಮೇಲೆ ಫಾರಂನಲ್ಲಿ ಒಂದು ಪ್ರಶ್ನೆ. ಜನವರಿಯಲ್ಲಿ ಮೂರು ವಾರ ರಾಜ್ಯದ ಹೊರಗಿದ್ದಿರಿ, ಯಾಕೆ? ಅಮ್ಮನ ಆಪರೇಷನ್ ಅಲ್ವಾ, ನೀನೇ ಸಾಗರದಿಂದ ಶಿವಮೊಗ್ಗಕ್ಕೆ ಕಾರು ಓಡಿಸಿದ್ದೆ. ಇಂಗ್ಲಿಷಿನಲ್ಲಿ ಎರಡು ಸಾಲು ಬರೆದು ಕಳಿಸಿದೆ. ನಿನ್ನೆ ಪತ್ರ ಬಂದ ಮೇಲೆ ಅದನ್ನು ಮತ್ತೆ ಓದಿದೆ. 'ತಾಯಿಯನ್ನು ನೋಡಿಬರಲು ಭಾರತಕ್ಕೆ ಹೋಗಿದ್ದೆ. ಜನವರಿ 24ಕ್ಕೆ ಮನೆಗೆ ವಾಪಸ್ ಬಂದೆ.'

ಮನೆಗೆ ವಾಪಸ್. ಫ್ರೀಮಾಂಟ್‌ನ ಈ ಒಂದು ಬೆಡ್‌ರೂಮಿಗೆ.

ಯಾರೂ ಹೇಳಿಕೊಟ್ಟ ಮಾತಲ್ಲ ಸುಬ್ಬು, ಫೀಸಿಗಾಗಿ ಬರೆದದ್ದೂ ಅಲ್ಲ. ಕೈ ತಾನಾಗಿ ಬರೆದಿತ್ತು. ಕೆಳಗಿನ ಪ್ರಶ್ನೆಗೂ, ಕ್ಯಾಲಿಫೋರ್ನಿಯಾದಲ್ಲೇ ನೆಲೆ ನಿಲ್ಲುವ ಉದ್ದೇಶವಿದೆಯೇ ಅಂದದ್ದಕ್ಕೂ, ಹೌದು ಅಂತ ಗುರುತು ಹಾಕುವಾಗ ಕೈ ತಡೆಯಲಿಲ್ಲ. ಸುಳ್ಳು ಬರೆಯುತ್ತಿದ್ದೇನೆ ಅನ್ನಿಸಿದ್ದರೆ ಇಷ್ಟು ಸಂಕಟ ಆಗುತ್ತಿರಲಿಲ್ಲ. ನಾನು ಸುಳ್ಳು ಹೇಳುತ್ತಾ ಬಂದದ್ದು ಅಮ್ಮನಿಗೆ. ಪ್ರತಿ ಭಾನುವಾರ, 'ಇನ್ನೆರಡು ವರ್ಷ ಅಮ್ಮ, ಓದು ಮುಗೀಲಿ, ಬಂದುಬಿಡ್ತೀನಿ' ಅಂತ. ಅವಳು ಅದನ್ನು ನಂಬಿಕೊಂಡು ಮಹಡಿಯ ಕೋಣೆಗೆ ಸುಣ್ಣ ಹೊಡೆಸಿದ್ದಾಳೆ. ಬೀಗದಕೈ ನಿನ್ನ ಹತ್ತಿರವೇ ಇದೆ, ನಿನಗೆ ಗೊತ್ತು.

ಇಷ್ಟು ಬರೆಯಬೇಕು ಅಂತ ಕೂತಿರಲಿಲ್ಲ. ಇದನ್ನು ನಾಲ್ಕು ಜನ ಓದುವ ಕಡೆ ಹಾಕುತ್ತಿರುವುದು ಯಾಕೆಂದರೆ, ಈ ಊರಿನಲ್ಲಿ ಭಾನುವಾರ ಬೆಳಗ್ಗೆ ಫೋನ್ ಹಿಡಿದು ಇದೇ ಮಾತು ಹೇಳುವವರು ನಾನು ಒಬ್ಬನೇ ಅಲ್ಲ. ನಿಮ್ಮ ಅತ್ತೆ ಫೋನಿನಲ್ಲಿ ಎಲ್ಲ ಓದುತ್ತಾರೆ, ಓದಿದ್ದನ್ನು ಅಮ್ಮನಿಗೆ ಹೇಳದೆ ಬಿಡುವುದಿಲ್ಲ. ಈ ಭಾನುವಾರದವರೆಗೆ ಹೇಗಾದರೂ ತಡೆ. ನಾನೇ ಹೇಳುತ್ತೇನೆ.

ಸರಿ, ಈಗ ಒಳ್ಳೆಯ ಸುದ್ದಿ ಕೇಳು. ಫ್ರೀಮಾಂಟ್‌ನಿಂದ ಡೇವಿಸ್‌ಗೆ ನೇರ ರೈಲು ಇದೆ, ಕಿಟಕಿ ಪಕ್ಕ ಕೂತು ಓದಿಕೊಂಡು ಹೋಗಬಹುದು. ಮೊನ್ನೆ ನೋಡಿಬಂದೆ. ಊರು ತುಂಬ ಸೈಕಲ್. ಕ್ಯಾಂಪಸ್‌ನಲ್ಲಿ ಹಾಸ್ಟೆಲ್ ಪಕ್ಕದಲ್ಲೇ ದನದ ಕೊಟ್ಟಿಗೆ! ಗಾಳಿ ಈ ಕಡೆ ತಿರುಗಿತು ನೋಡು, ಸೆಗಣಿ ವಾಸನೆ. ಜೊತೆಗಿದ್ದ ಹುಡುಗರೆಲ್ಲ ಮೂಗು ಮುಚ್ಚಿಕೊಂಡರು. ನಾನು ಅಲ್ಲೇ ನಿಂತು ಚೆನ್ನಾಗಿ ಉಸಿರು ಎಳೆದುಕೊಂಡೆ.

ಶೆಟ್ಟರ ಅಂಗಡಿ ಬೆಂಚಿನ ಎಡತುದಿ ನನ್ನದು. ಯಾರಿಗೂ ಬಿಡಬೇಡ.

ನಿನ್ನ
ಗುಂಡ